ತಮ್ಮನಿಗೆ ನೋಫಾಲೋ ಹಾಕಿದ ಮಷಿನಕ್ಕ

ಮಷಿನಕ್ಕ ಯಾರ ಅಕ್ಕ ಎಂದು ನಮ್ಮ ಬೀದಿಯಲ್ಲಿ ಕೇಳಿದರೆ ಎಲ್ಲರೂ ತಮ್ಮ ಅಕ್ಕನೇ ಎನ್ನುತ್ತಾರೆ. ಅವಳಿಗಿಂತ ಹಿರಿಯರಾದ ಟೈಲರುಗಳೂ ಅಕ್ಕ ಎಂದೇ ಕರೆಯುತ್ತಾರೆ, ಯಾಕೆಂದರೆ ಮಷಿನ್ ಕೆಟ್ಟಾಗ ವಯಸ್ಸು ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಒಡಹುಟ್ಟಿದ ತಮ್ಮ ಮಾತ್ರ ಒಬ್ಬನೇ. ಅವನು ಪ್ಲೈವುಡ್ ಗೋಡೆಯ ಆಚೆ ಕೂರುತ್ತಾನೆ.

ಗೋಡೆ ಹಾಕಿಸಿದ್ದು ಅಪ್ಪ. ಹೊಲಿಗೆ ಮಷಿನ್ ಅಂಗಡಿ ಒಂದೇ ಇತ್ತು, ಮಕ್ಕಳು ಇಬ್ಬರಿದ್ದರು. ಮಗನಿಗೆ ಮಾತು ಬರುತ್ತಿತ್ತು, ಆದ್ದರಿಂದ ಬೀದಿಯ ಕಡೆಯ ಅರ್ಧ ಅವನಿಗೆ ಹೋಯಿತು. ಅಲ್ಲಿ ಸೂಜಿ, ದಾರ, ಬೆಲ್ಟು, ಬಾಬಿನ್ ಮಾರಾಟ. ಮಗಳಿಗೆ ಕೆಲಸ ಬರುತ್ತಿತ್ತು, ಆದ್ದರಿಂದ ಹಿಂದಿನ ಅರ್ಧ ಅವಳಿಗೆ; ಅಲ್ಲಿ ರಿಪೇರಿ. ನಡುವೆ ಒಂದು ಚೌಕಾಕಾರದ ಕಿಂಡಿ ಬಿಟ್ಟಿದ್ದ. ಟೀ ಲೋಟ, ಸ್ಕ್ರೂಡ್ರೈವರ್, ಬೈಗುಳ, ಮೂರೂ ಅದರಲ್ಲೇ ಓಡಾಡುತ್ತವೆ. ರಿಪೇರಿಗೆ ಬಂದವರು ತಮ್ಮನ ಕೌಂಟರ್ ದಾಟಿಕೊಂಡೇ ಹಿಂದಕ್ಕೆ ಹೋಗಬೇಕು. ಅಪ್ಪ ಈ ಏರ್ಪಾಟು ಮಾಡಿ ನೆಮ್ಮದಿಯಾಗಿ ಕಣ್ಣು ಮುಚ್ಚಿದ. ಅಮ್ಮ ಇದ್ದಾಳೆ. ಮಧ್ಯಾಹ್ನ ಊಟವಾದ ಮೇಲೆ ಬಂದು ಕಿಂಡಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಎರಡೂ ರಾಜ್ಯಗಳನ್ನು ಏಕಕಾಲಕ್ಕೆ ಆಳುತ್ತಾಳೆ.

ಮಷಿನಕ್ಕ ರೋಗ ಕಂಡುಹಿಡಿಯುವುದು ಕಿವಿಯಿಂದ. ದೂರದವರು ಫೋನ್ ಮಾಡಿ ತಮ್ಮ ಸಂಕಟ ಹೇಳಿಕೊಳ್ಳಲು ಹೊರಟರೆ ಅವಳು ತಡೆಯುತ್ತಾಳೆ: "ನೀವು ಸುಮ್ನಿರಿ. ಫೋನ್ ಮಷಿನ್ ಹತ್ರ ಹಿಡೀರಿ. ಅದು ಮಾತಾಡಲಿ." ಮಷಿನ್ ಮಾತಾಡುತ್ತದೆ. ಅವಳು ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡುತ್ತಾಳೆ. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿರುವ ಅವಳ ಗಂಡ, ಮದುವೆಯಾದ ಹೊಸದರಲ್ಲಿ ತಾನೂ ಹೆಂಡತಿಗೆ ಹೀಗೇ ಕೇಳಿಸಬಹುದೆಂದು ಆಸೆಪಟ್ಟಿದ್ದನಂತೆ. ಆಮೇಲೆ ತನ್ನಲ್ಲಿ ಅಂಥ ಸದ್ದು ಏನೂ ಇಲ್ಲವೆಂದು ಅರಿತು ಸುಮ್ಮನಾದ.

ಒಂದೇ ಉತ್ತರವನ್ನು ನೂರು ಜನಕ್ಕೆ ಹೇಳಿ ಹೇಳಿ ಬಾಯಿ ಒಣಗಿದಾಗ ಅವಳು ವೆಬ್‌ಸೈಟ್ ಮಾಡಿದಳು. ಒಂದೊಂದು ರೋಗಕ್ಕೆ ಒಂದೊಂದು ಪುಟ. ದಾರ ಕಡಿಯುತ್ತದೆಯೇ? ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆಯೇ? ಮಷಿನ್ ಗೊರಕೆ ಹೊಡೆಯುತ್ತದೆಯೇ? ಕೊನೆಯದರ ಕೆಳಗೆ ಬರೆದಿದ್ದ ಚಿಕಿತ್ಸೆ ಇದು: "ಎಣ್ಣೆ ಬಿಡಿ. ಬಿಟ್ಟಿದ್ದೇನೆ ಎನ್ನಬೇಡಿ. ನೀವು ಬಿಟ್ಟಿಲ್ಲ." ಜನಕ್ಕೆ ಈ ಧಾಟಿ ಹಿಡಿಸಿಬಿಟ್ಟಿತು. ತಾಯಿಯ ಹತ್ತಿರ ಬೈಸಿಕೊಂಡು ಬಹಳ ದಿನವಾಗಿದ್ದವರೆಲ್ಲ ಬಂದು ಓದಿದರು. ಸರ್ಚ್ ಎಂಜಿನ್‌ನಲ್ಲಿ ಹೊಲಿಗೆ ಮಷಿನ್ ಎಂದು ಹುಡುಕಿದರೆ ಮೊದಲು ಅವಳದೇ ಸೈಟು ಬರತೊಡಗಿತು.

ದೊಡ್ಡವರಾದ ಮೇಲೆ ಬಾಗಿಲಿಗೆ ಜನ ಬರದೆ ಇರುತ್ತಾರೆಯೇ? ಪುಟಗಳ ಕೆಳಗೆ ಓದುಗರು ಅಭಿಪ್ರಾಯ ಬರೆಯಲು ಜಾಗ ಬಿಟ್ಟಿದ್ದಳು. ಅಲ್ಲಿ ಯಾರೋ ಬಂದು, "ತುಂಬಾ ಉಪಯುಕ್ತ ಲೇಖನ," ಎಂದು ಬರೆದು ಪಕ್ಕದಲ್ಲಿ ಕೂದಲು ಬೆಳೆಸುವ ಎಣ್ಣೆಯ ಅಂಗಡಿಗೆ ಲಿಂಕ್ ಅಂಟಿಸಿ ಹೋದರು. ಇನ್ನೊಬ್ಬರದು ಸುಲಭ ಸಾಲ. ಮತ್ತೊಬ್ಬರದು ಏನೆಂದು ಅವಳು ಗಂಡನಿಗೂ ಹೇಳಲಿಲ್ಲ. ಇದನ್ನೆಲ್ಲ ಹೇಗೆ ತಡೆಯುವುದೆಂದು ಓದುತ್ತಾ ಹೋದಾಗ ಅವಳ ಕೈಗೆ ಒಂದು ಬ್ರಹ್ಮಾಸ್ತ್ರ ಸಿಕ್ಕಿತು. ಅದರ ಹೆಸರು ನೋಫಾಲೋ.

ಅವಳು ಅಮ್ಮನಿಗೆ ಅದನ್ನು ವಿವರಿಸಿದ್ದು ಹೀಗೆ.

"ಸರ್ಚ್ ಎಂಜಿನ್ ಅನ್ನೋದು ಮನೆ ಮನೆ ಸುತ್ತೋ ನೆಂಟ ಇದ್ದ ಹಾಗಮ್ಮ. ನನ್ನ ಪುಟಕ್ಕೆ ಬರ್ತಾನೆ. ಅಲ್ಲಿ ಬೇರೆಯವರ ಸೈಟಿಗೆ ಲಿಂಕ್ ಇದ್ರೆ, ಓಹೋ, ಇವಳು ಇವರ ಮನೇನೂ ತೋರಿಸ್ತಿದಾಳೆ, ಅಂದ್ರೆ ಒಳ್ಳೆಯವರೇ ಇರಬೇಕು ಅಂತ ಅಲ್ಲಿಗೂ ಹೋಗ್ತಾನೆ. ಅವರಿಗೂ ಒಂದು ಮರ್ಯಾದೆ ಕೊಡ್ತಾನೆ."

"ನಿನ್ನ ಮಾತಿನ ಮೇಲೆ?"

"ನನ್ನ ಮಾತಿನ ಮೇಲೆ. ನೋಫಾಲೋ ಅಂತ ಒಳಗಡೆ ಒಂದು ಪದ ಸೇರಿಸಿದ್ರೆ, ಮನೆ ತೋರಿಸಿದೀನಿ, ಜಾಮೀನು ನಿಂತಿಲ್ಲ ಅಂತ ಅರ್ಥ. ನೋಡೋರಿಗೆ ಲಿಂಕ್ ಮಾಮೂಲಾಗೇ ಕಾಣತ್ತೆ. ನೆಂಟನಿಗೆ ಮಾತ್ರ ಗೊತ್ತಾಗತ್ತೆ."

ಅಮ್ಮ ಬಹಳ ಹೊತ್ತು ಯೋಚಿಸಿದಳು. "ನಮ್ಮ ಕಾಲದಲ್ಲಿ ಇದನ್ನ ಕಣ್ಣು ಮಿಟುಕಿಸಿ ಮಾಡ್ತಿದ್ವಿ," ಎಂದಳು.

ಕೂದಲೆಣ್ಣೆಯವರಿಗೆಲ್ಲ ನೋಫಾಲೋ ಬಿತ್ತು. ಅಷ್ಟಕ್ಕೆ ನಿಲ್ಲಿಸಿದ್ದರೆ ಮಷಿನಕ್ಕ ಒಬ್ಬ ಸಾಮಾನ್ಯ ಗೃಹಸ್ಥೆಯಾಗಿ ಉಳಿಯುತ್ತಿದ್ದಳು. ಆದರೆ ಅಸ್ತ್ರ ಕೈಯಲ್ಲಿರುವವರಿಗೆ ಅಂಗೈ ತುರಿಸುತ್ತದೆ. ಸೈಟಿನ ಪ್ರತಿ ಪುಟದ ಕೆಳಗೂ "ಇವರನ್ನೂ ನೋಡಿ" ಎಂದು ಹೊರಗಿನ ಅಂಗಡಿಗಳು, ರಿಪೇರಿಯವರು ಇವರದೆಲ್ಲ ಲಿಂಕುಗಳಿದ್ದವು. ಅವನ್ನು ಒಂದೊಂದಾಗಿ ವಿಚಾರಣೆಗೆ ಕರೆದಳು. ತಾನು ಕೈಯಾರೆ ಪರೀಕ್ಷಿಸಿದ ವಸ್ತುವಿಗೆ ಮಾತ್ರ ಜಾಮೀನು ಎಂಬುದು ಕಾನೂನು. ಹಳೆಯ ಮಷಿನ್‌ಗಳ ಬಗ್ಗೆ ಬರೆಯುವ ಒಬ್ಬ ದೂರದ ಮುದುಕರು ಪಾಸಾದರು. ಕತ್ತರಿ ಸಾಣೆಯವನು ಫೇಲಾದ. ಅವನು ಸಾಣೆ ಹಿಡಿದ ಕತ್ತರಿ ಬೆಣ್ಣೆಯ ಮೇಲೂ ಜಾರುತ್ತಿತ್ತು. ಪಾಸಾದವರಿಗೂ ಗೊತ್ತಿಲ್ಲ, ಫೇಲಾದವರಿಗೂ ಗೊತ್ತಿಲ್ಲ. ಇಷ್ಟು ಗುಟ್ಟಾಗಿ, ಇಷ್ಟು ಕಟ್ಟುನಿಟ್ಟಾಗಿ ಆಳಿದ ಚಕ್ರವರ್ತಿಗಳು ಕಡಿಮೆ.

ಇಂಥ ಸುಭಿಕ್ಷ ಕಾಲದಲ್ಲಿ ತಮ್ಮನೂ ಒಂದು ವೆಬ್‌ಸೈಟ್ ಮಾಡಿದ. ಅಂಗಡಿಯ ಸಾಮಾನನ್ನು ಪಾರ್ಸೆಲ್‌ನಲ್ಲಿ ಊರೂರಿಗೆ ಕಳಿಸುವ ಯೋಜನೆ. ಬೀದಿಯ ವ್ಯಾಪಾರ ಇಳಿದಿತ್ತು. ಜನ ಹರಿದ ಬಟ್ಟೆ ಹೊಲಿಸುವ ಬದಲು ಹೊಸದು ಕೊಳ್ಳುವ ಕಾಲ. ಈ ಸೈಟು ನಡೆಯದಿದ್ದರೆ ಅಂಗಡಿಯ ಮುಂದಿನ ಅರ್ಧವನ್ನು ಮೊಬೈಲ್ ಕವರ್ ಮಾರುವವನಿಗೆ ಬಾಡಿಗೆಗೆ ಕೊಡಬೇಕಾಗುತ್ತದೆ ಎಂದು ಅವನು ಮನೆಯಲ್ಲಿ ಹೇಳಿದ್ದ. ಹಾಗಾದರೆ ಹಿಂದಿನ ಅರ್ಧಕ್ಕೆ ದಾರಿ ಎಲ್ಲಿ ಎಂಬುದನ್ನು ಅವನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

"ಅಕ್ಕಾ, ಒಂದು ಲಿಂಕ್ ಹಾಕು," ಎಂದು ಕಿಂಡಿಯಲ್ಲಿ ತಲೆ ತೂರಿಸಿದ.

"ಸೂಜಿ ಪ್ಯಾಕೆಟ್ ಕೊಡು ಮೊದ್ಲು."

ಮಷಿನಕ್ಕನ ಮೇಜಿನ ಮೇಲೆ ಒಂದು ಗಾಜಿನ ತುಂಡಿದೆ. ಸೂಜಿಯ ಬುಡದ ಚಪ್ಪಟೆ ಮಗ್ಗುಲನ್ನು ಅದರ ಮೇಲೆ ಮಲಗಿಸಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಸೂಜಿಗೂ ಗಾಜಿಗೂ ನಡುವಿನ ಬೆಳಕಿನ ಗೆರೆ ನೋಡುತ್ತಾಳೆ. ಗೆರೆ ಉದ್ದಕ್ಕೂ ಒಂದೇ ಸಮ ಇದ್ದರೆ ಸೂಜಿ ನೆಟ್ಟಗಿದೆ. ಸೊಟ್ಟ ಸೂಜಿ ಒಳಗಿನ ಕೊಕ್ಕೆಗೆ ಬಡಿದು ಮಷಿನ್ನಿನ ಲಯವನ್ನೇ ಕೆಡಿಸುತ್ತದೆ. ಅಂಥ ಮಷಿನ್‌ಗಳು ಅವಳ ಬೆಂಚಿಗೆ ಬರುತ್ತಲೇ ಇರುತ್ತವೆ.

ತಮ್ಮನ ಸೂಜಿಯ ಬೆಳಕಿನ ಗೆರೆ ಒಂದು ತುದಿಯಲ್ಲಿ ತೆಳ್ಳಗೆ, ಇನ್ನೊಂದು ತುದಿಯಲ್ಲಿ ಹೆಬ್ಬಾಗಿಲಿನಷ್ಟು ಅಗಲ.

"ಇದು ಸೂಜಿನೋ ಗಾಳನೋ?"

"ಸ್ವಲ್ಪ ಸೊಂಟ ಬಳುಕಿಸಿದೆ, ಅಷ್ಟೇ ಅಕ್ಕ. ಎಲ್ಲಾರೂ ಇದನ್ನೇ ಮಾರೋದು."

ಅವಳು ಇಲ್ಲ ಎನ್ನಲು ಬಾಯಿ ತೆರೆದಳು. ಕಿಂಡಿಯ ಪಕ್ಕದಲ್ಲಿ ಅಮ್ಮ ಕೂತಿದ್ದಳು. ಅಮ್ಮ ಬರೀ ನೋಡಿದಳು. ಆ ನೋಟದಲ್ಲಿ ತಮ್ಮ ತೊಟ್ಟಿಲಲ್ಲಿ ಮಲಗಿದ್ದ ದಿನದಿಂದ ಹಿಡಿದು ಎಲ್ಲವೂ ಇತ್ತು. ಮಷಿನಕ್ಕ ಬಾಯಿ ಮುಚ್ಚಿದಳು, ಲಿಂಕ್ ಹಾಕಿದಳು, ಲಿಂಕಿನೊಳಗೆ ನೋಫಾಲೋ ಸೇರಿಸಿದಳು. ಅಕ್ಕನ ಪುಟ ತೆರೆದ ತಮ್ಮ ತನ್ನ ಅಂಗಡಿಯ ಹೆಸರು ಕಂಡು ಕುಣಿದ. ಬೇಕರಿಯಿಂದ ಕೇಕ್ ತಂದು ಕಿಂಡಿಯಲ್ಲಿ ಕೊಟ್ಟ. ಅವಳು ತಿಂದಳು. ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ, ಚೆನ್ನಾಗಿತ್ತು ಎಂದು ಆಮೇಲೆ ಒಪ್ಪಿಕೊಂಡಿದ್ದಾಳೆ.

ವಾರಗಳು ಕಳೆದವು. ಪಾರ್ಸೆಲ್ ಆರ್ಡರ್ ಅಲ್ಲೊಂದು ಇಲ್ಲೊಂದು ಬರುತ್ತಿತ್ತು, ಆದರೆ ಸರ್ಚ್ ಎಂಜಿನ್‌ನಲ್ಲಿ ತಮ್ಮನ ಸೈಟು ಎಲ್ಲೂ ಕಾಣಲಿಲ್ಲ. ತಲೆ ಕೆಟ್ಟು ಅವನು ಒಬ್ಬ ಸರ್ಚ್ ಪಂಡಿತನನ್ನು ಕರೆಸಿದ. ಸೈಟುಗಳನ್ನು ಹುಡುಕಾಟದಲ್ಲಿ ಮೇಲಕ್ಕೆ ತರುವುದೇ ಈತನ ಕಸುಬು. ತೆಳ್ಳನೆಯ ಮನುಷ್ಯ, ಬ್ಯಾಗನ್ನು ಮಗುವಿನಂತೆ ಎದೆಗೆ ಕಟ್ಟಿಕೊಂಡು ಬಂದಿದ್ದ. ಲ್ಯಾಪ್‌ಟಾಪ್ ತೆರೆದು ಏನೇನೋ ಒತ್ತಿ, "ಸರ್, ನಿಮಗೆ ಲಿಂಕ್ ಕೊಟ್ಟಿರೋ ದೊಡ್ಡ ಸೈಟು ಒಂದೇ. ಅವರೂ ನೋಫಾಲೋ ಹಾಕಿದಾರೆ," ಎಂದ.

"ಹಾಗಂದ್ರೆ?"

"ನಿಮ್ಮನ್ನ ನಂಬಬೇಡಿ ಅಂತಲ್ಲ. ನಂಬಿ ಅಂತ ನಾನು ಹೇಳಿಲ್ಲ, ಅಂತ."

"ಯಾವ ಸೈಟು ಅದು?"

ಪಂಡಿತ ಪರದೆ ತಿರುಗಿಸಿ ತೋರಿಸಿದ. ತಮ್ಮ ಪರದೆ ನೋಡಿದ, ಪ್ಲೈವುಡ್ ನೋಡಿದ. ಆಮೇಲೆ ನಡೆದ ಯುದ್ಧ ಇಡೀ ಬೀದಿಗೆ ಕೇಳಿಸಿತು. ಆದರೂ ಏನು ವಿಷಯವೆಂದು ಯಾರಿಗೂ ತಿಳಿಯದೆ, ಆಸ್ತಿ ಜಗಳವೇ ಇರಬೇಕೆಂದು ಎಲ್ಲರೂ ಸಮಾಧಾನ ಮಾಡಿಕೊಂಡರು.

"ಕೇಕ್ ತಿಂದೆಯಲ್ಲೇ ಅಕ್ಕಾ!"

"ಕೇಕ್‌ಗೂ ಸೂಜಿಗೂ ಏನೋ ಸಂಬಂಧ?"

"ಕತ್ತರಿ ಸಾಣೆಯವನ ಸಾಲಿನಲ್ಲಿ ಕೂರಿಸಿದೀಯ ನನ್ನ! ಕೂದಲೆಣ್ಣೆಯವನ ಸಾಲಿನಲ್ಲಿ!"

"ನೋಡೋ, ಎಲ್ಲೋ ಇರೋ ಹೆಂಗಸು ನಾನು ಹೇಳಿದೆ ಅಂತ ನಿನ್ನ ಸೂಜಿ ತರಿಸಿ, ಮಷಿನ್‌ಗೆ ಹಾಕಿ, ಕೊಕ್ಕೆ ಮುರಿದುಕೊಂಡ್ರೆ ಯಾರನ್ನ ಬೈತಾಳೆ? ನಿನ್ನ ಮುಖಾನೇ ಅವಳಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿರೋದು ನನ್ನ ಮಾತು ಒಂದೇ."

"ನನ್ನ ಅಂಗಡಿ ಮುಚ್ಚಿದ್ರೂ ಪರವಾಗಿಲ್ಲ, ನಿನ್ನ ಮಾತು ನಿಲ್ಲಬೇಕು. ಅಷ್ಟೇ ತಾನೆ?"

ಅಮ್ಮ ನಡುವೆ ಬಂದಳು.

"ಏ, ಇಬ್ರೂ ಬಾಯಿ ಮುಚ್ಚಿ. ನೀನು ದೊಡ್ಡವಳು. ನ್ಯಾಯ ಅಂದ್ಮೇಲೆ ಎಲ್ಲಾರಿಗೂ ಒಂದೇ. ಹಾಕಿದ್ರೆ ಎಲ್ಲಾರಿಗೂ ಹಾಕು, ಇಲ್ಲ ಯಾರಿಗೂ ಬೇಡ."

ಅಮ್ಮನ ತೀರ್ಪು ಜಾರಿಯಾಗುವವರೆಗೂ ತಮ್ಮ ಕಾಯಲಿಲ್ಲ. ಕಿಂಡಿಗೆ ದೊಡ್ಡದೊಂದು ಕ್ಯಾಲೆಂಡರ್ ನೇತುಹಾಕಿದ. ತನ್ನ ಕೌಂಟರಿನ ಪಕ್ಕ ಒಂದು ರಟ್ಟಿನ ಬೋರ್ಡು ನಿಲ್ಲಿಸಿದ: "ಹಿಂದೆ ರಿಪೇರಿ ಇದೆ. ನಾನು ಜವಾಬ್ದಾರನಲ್ಲ." ನೋಫಾಲೋ ಎಂದರೆ ಏನೆಂದು ಅವನಷ್ಟು ಚೆನ್ನಾಗಿ ಅರ್ಥಮಾಡಿಕೊಂಡವರು ಇರಲಿಕ್ಕಿಲ್ಲ.

ಮಷಿನಕ್ಕ ಆ ವಾರವೆಲ್ಲ ಮುಖ ಊದಿಸಿಕೊಂಡು ಎಣ್ಣೆ ಬಿಟ್ಟಳು, ಬೆಲ್ಟು ಬಿಗಿದಳು. ತಮ್ಮನ ಲಿಂಕಿನಿಂದ ನೋಫಾಲೋ ತೆಗೆಯಲು ಕೈ ಬರಲಿಲ್ಲ, ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ಆಗ ಅಮ್ಮನ ತೀರ್ಪು ನೆನಪಾಯಿತು. ಎಲ್ಲರಿಗೂ ಒಂದೇ! ಹುಡುಕಿದರೆ ಅದಕ್ಕೂ ದಾರಿಯಿತ್ತು. ಒಂದೊಂದು ಲಿಂಕಿಗೂ ಬರೆಯುತ್ತಾ ಕೂರಬೇಕಿಲ್ಲ. ಪುಟದ ತಲೆಯಲ್ಲೇ, ಯಾರಿಗೂ ಕಾಣದ ಜಾಗದಲ್ಲಿ, ಒಂದು ಸಾಲು ಬರೆದರೆ ಸಾಕು: ಈ ಪುಟದ ಯಾವ ಲಿಂಕನ್ನೂ ಹಿಂಬಾಲಿಸಬೇಡ. ಅವಳು ಆ ಸಾಲನ್ನು ಸೈಟಿನ ಎಲ್ಲ ಪುಟಗಳ ತಲೆಗೂ ಹಚ್ಚಿದಳು. ಮುದುಕರಿಗೂ ಇಲ್ಲ, ತಮ್ಮನಿಗೂ ಇಲ್ಲ, ಸಮಾನತೆ ಸ್ಥಾಪನೆಯಾಯಿತು. ಅದೇ ಹುಮ್ಮಸ್ಸಿನಲ್ಲಿ ರೋಗದ ಪುಟಗಳನ್ನೆಲ್ಲ ಹೊಸದಾಗಿ ವಿಂಗಡಿಸಿ, ಹಳೆಯವನ್ನು ಅಳಿಸಿ, ಹೊಸ ವಿಳಾಸಗಳಲ್ಲಿ ಕೂರಿಸಿದಳು. ಯುಗಪರಿವರ್ತನೆ ಮಾಡುವವರು ಅರ್ಧಕ್ಕೆ ನಿಲ್ಲಿಸುವುದಿಲ್ಲ.

ಆಮೇಲೆ ಫೋನ್ ಬರುವುದು ಕಡಿಮೆಯಾಯಿತು. ಕ್ರಮೇಣ ನಿಂತೇ ಹೋಯಿತು.

"ಜನ ಎಣ್ಣೆ ಬಿಡೋದು ಕಲಿತುಬಿಟ್ರು ಅನ್ಸತ್ತೆ ಕಣ್ರೀ," ಎಂದಳು ಗಂಡನ ಹತ್ತಿರ.

"ಜನ ಅಷ್ಟು ಬೇಗ ಏನೂ ಕಲಿಯಲ್ಲ," ಎಂದ ಟೈಮ್ ಕೀಪರ್. ಬಸ್ಸುಗಳ ವಿಷಯದಲ್ಲಿ ಅವನಿಗೆ ಅನುಭವವಿತ್ತು.

ಅತ್ತ ಪ್ಲೈವುಡ್ ಆಚೆ ಇನ್ನೂ ವಿಚಿತ್ರವಾದದ್ದು ನಡೆದಿತ್ತು. ತಮ್ಮನಿಗೆ ಅಲ್ಲೊಂದು ಇಲ್ಲೊಂದು ಬರುತ್ತಿದ್ದ ಆರ್ಡರುಗಳೂ ಬತ್ತಿಹೋದವು. ಮೊಬೈಲ್ ಕವರಿನವನು ಬಂದು ಅಂಗಡಿಯ ಅಗಲ ಅಳೆದುಕೊಂಡು ಹೋದ. ತಮ್ಮ ಮತ್ತೆ ಪಂಡಿತನನ್ನು ಕರೆಸಿ, ಕೂಗಾಡಿದ. ಪಂಡಿತ ಕೂಗಾಟ ಮುಗಿಯುವವರೆಗೆ ಬ್ಯಾಗ್ ತಬ್ಬಿಕೊಂಡು ಕೂತಿದ್ದು, ಆಮೇಲೆ ಶಾಂತವಾಗಿ ಪರದೆ ನೋಡಿದ.

"ಸರ್, ನಿಮ್ಮ ಆರ್ಡರ್ ಎಲ್ಲಾ ಬರ್ತಿದ್ದಿದ್ದು ಆ ಸೈಟಿಂದಾನೇ."

"ನೋಫಾಲೋ ಹಾಕಿದ್ರಲ್ಲ ಅಲ್ಲಿ?"

"ಅದು ಸರ್ಚ್ ಎಂಜಿನ್‌ಗೆ ಸರ್. ಮನುಷ್ಯರು ಲಿಂಕ್ ಕಂಡ್ರೆ ಒತ್ತೇ ಒತ್ತುತಾರೆ. ಅವರಿಗೆ ನೋಫಾಲೋ ಕಾಣಲ್ಲ. ಈಗ ಅವರ ಸೈಟಿಗೇ ಜನ ಬರ್ತಿಲ್ಲ, ನಿಮ್ಮ ಕಡೆಗೆ ಎಲ್ಲಿಂದ ಬರ್ತಾರೆ?"

"ಯಾಕೆ ಬರ್ತಿಲ್ಲ?"

"ಅದನ್ನ ಅವರನ್ನೇ ಕೇಳಬೇಕು. ಎಲ್ಲಿದಾರೆ ಅವರು?"

ತಮ್ಮ ಬೆರಳಿನಿಂದ ಕ್ಯಾಲೆಂಡರ್ ತೋರಿಸಿದ. ಪಂಡಿತ ಕ್ಯಾಲೆಂಡರಿನಲ್ಲಿ ತಾರೀಖು ಹುಡುಕಿದ. ಇನ್ನು ತಡೆಯಲಾರದೆ ಅಮ್ಮನೇ ಎದ್ದು, ಅದನ್ನು ಕಿತ್ತು, ಸುರುಳಿ ಸುತ್ತಿ, ಮಗನ ತಲೆಗೆ ಒಂದು ಕೊಟ್ಟಳು. ಕಿಂಡಿಯ ಆಚೆ ಮಷಿನಕ್ಕ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಿವಿ ಅವಳದು ಹೇಗೂ ಚುರುಕು.

ಪಂಡಿತ ಲ್ಯಾಪ್‌ಟಾಪನ್ನು ಕಿಂಡಿಯ ಹೊಸ್ತಿಲ ಮೇಲಿಟ್ಟು, ಪುಟದ ತಲೆಯಲ್ಲಿದ್ದ ಸಾಲನ್ನು ತೋರಿಸಿದ.

"ಇದು ಯಾರು ಬರೆದಿದ್ದು ಮೇಡಂ?"

"ನಾನೇ. ಹೊರಗಿನ ಲಿಂಕ್ ಎಲ್ಲಕ್ಕೂ ಒಟ್ಟಿಗೆ ಆಗ್ಲಿ ಅಂತ."

"ಇದು ಹೊರಗೆ ಒಳಗೆ ಅಂತ ಭೇದ ಮಾಡಲ್ಲ ಮೇಡಂ. ಯಾವ ಲಿಂಕೂ ಬೇಡ ಅಂದ್ರೆ ಯಾವುದೂ ಬೇಡ. ನಿಮ್ಮ ಮುಖಪುಟದಿಂದ ನಿಮ್ಮದೇ ಒಳಗಿನ ಪುಟಗಳಿಗೆ ಇದೆಯಲ್ಲ, ಆ ಲಿಂಕ್‌ಗಳಿಗೂ ಬೇಡ ಅಂದಿದೀರ. ಅದರ ಮೇಲೆ ವಿಳಾಸ ಬೇರೆ ಬದಲಾಯಿಸಿದೀರ. ಸರ್ಚ್ ಎಂಜಿನ್ ಹಳೇ ವಿಳಾಸಕ್ಕೆ ಹೋಗಿ ನೋಡಿದೆ, ಯಾರೂ ಇಲ್ಲ. ಹೊಸದಕ್ಕೆ ದಾರಿ ತೋರಿಸೋರೂ ಇಲ್ಲ."

ಬೇರೆಯವರಿಗೆ ಜಾಮೀನು ನಿಲ್ಲುವುದಿಲ್ಲವೆಂದು ಹಟ ಹಿಡಿದ ಮಷಿನಕ್ಕ, ತನ್ನ ಸ್ವಂತ ಮಾತಿಗೂ ತಾನೇ ಜಾಮೀನು ನಿರಾಕರಿಸಿಬಿಟ್ಟಿದ್ದಳು. ಇತಿಹಾಸದಲ್ಲಿ ಇಷ್ಟು ನಿಷ್ಪಕ್ಷಪಾತಿಗಳು ಸಿಗುವುದು ಅಪರೂಪ.

"ನೀನೇ ಹೇಳಿದ್ದು, ಎಲ್ಲಾರಿಗೂ ಹಾಕು ಅಂತ," ಎಂದು ಅವಳು ಅಮ್ಮನ ಕಡೆ ತಿರುಗಿದಳು.

"ನಿನಗೂ ಹಾಕ್ಕೋ ಅಂದೆನೇನೇ?" ಎಂದಳು ಅಮ್ಮ.

ತಮ್ಮ ಕಿಸಕ್ಕೆಂದು ನಕ್ಕ. ನಕ್ಕಿದ್ದಕ್ಕೆ ಕ್ಯಾಲೆಂಡರಿನಿಂದ ಇನ್ನೊಂದು ಬಿತ್ತು. ತಲೆ ಸವರಿಕೊಳ್ಳುತ್ತಾ ಅವನೇ ಮೊದಲು ಬಗ್ಗಿದ.

"ಅಕ್ಕಾ, ಆ ಸಾಲು ತೆಗೆದುಬಿಡು. ಮೊದಲು ಹೇಗಿತ್ತೋ ಹಾಗೇ ಮಾಡು."

"ಮೊದಲಿನ ಹಾಗಂದ್ರೆ ನಿನಗೆ ನೋಫಾಲೋ ಇತ್ತು."

"ಇರಲಿ ಬಿಡು. ಜನ ಬಂದ್ರೆ ಸಾಕು ನನಗೆ."

ಅವಳು ಅಲ್ಲೇ ಮುಗಿಸಬಹುದಿತ್ತು. ಅವನು ಇಷ್ಟು ಸುಲಭವಾಗಿ ಸೋತದ್ದು ಅವಳಿಗೆ ಹಿಡಿಸಲಿಲ್ಲ. ಸ್ಕ್ರೂಡ್ರೈವರನ್ನು ಕೆಳಗಿಟ್ಟು, "ನಿನ್ನ ಅಂಗಡಿಯಲ್ಲಿ ಏನೇನಿದೆಯೋ ಎಲ್ಲಾ ಈ ಕಡೆ ಕೊಡು," ಎಂದಳು. "ಒಂದು ಸೂಜಿ ನೋಡಿ ಇಡೀ ಅಂಗಡೀನ ಫೇಲ್ ಮಾಡಿದ್ದೆ. ಅದು ತಪ್ಪು. ಒಂದೊಂದಾಗಿ ನೋಡ್ತೀನಿ."

ಅಂದು ಮಧ್ಯಾಹ್ನವೆಲ್ಲ ಪರೀಕ್ಷೆ ನಡೆಯಿತು. ತಮ್ಮ ಕಿಂಡಿಯಲ್ಲಿ ಸಾಮಾನು ದಾಟಿಸುತ್ತಾ ಹೋದ. ದಾರವನ್ನು ಅವಳು ಬೆರಳಿಗೆ ಸುತ್ತಿ ಜಗ್ಗಿದಳು, ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿದಳು, ಕೊನೆಗೆ ಮಷಿನ್ ಓಡಿಸಿ ಕಿವಿಗೊಟ್ಟಳು. ದಾರ ಪಾಸು. "ಚೆನ್ನಾಗಿದೆ ಕಣೋ, ಎಲ್ಲಿಂದ ತರ್ತೀಯ?" ಎಂದು ಬೇರೆ ಕೇಳಿದಳು, ತಮ್ಮ ಗಾಬರಿಯಿಂದ ಬೆಲ್ಟನ್ನು ದಾಟಿಸಿದ. ಬೆಲ್ಟು ಪಾಸು. ಬಾಬಿನ್‌ಗಳ ಬಗ್ಗೆ ಮೂಗು ಮುರಿದು, ಪಾಸೆಂದಳು. ಸೂಜಿಯ ಸರದಿ ಬಂತು. ಅವಳು ಗಾಜಿನ ತುಂಡನ್ನು ಎಳೆದುಕೊಂಡಳು. ಅಮ್ಮ ಈ ಸಲ ಬೇಕೆಂದೇ ಬೀದಿಯ ಕಡೆ ಮುಖ ಮಾಡಿ ಕೂತಳು.

ಸೂಜಿ ಫೇಲು.

ಲಿಂಕ್ ಎಂಬುದು ಅಂಗಡಿಗೇ ಹಾಕಬೇಕೆಂದೇನಿಲ್ಲ, ಅಂಗಡಿಯ ಒಂದೊಂದು ಪುಟಕ್ಕೆ ಬೇರೆ ಬೇರೆಯಾಗಿ ಹಾಕಬಹುದು ಎಂದು ಪಂಡಿತ ಹೇಳಿಕೊಟ್ಟ. ಪುಟದ ತಲೆಯ ಸಾಲು ಹೋಯಿತು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಟನ್ನೂ ಅವನೇ ಮಾಡಿದ. ಈಗ "ಇವರನ್ನೂ ನೋಡಿ" ಎಂಬಲ್ಲಿ ತಮ್ಮನಿಗೆ ನಾಲ್ಕು ಲಿಂಕುಗಳಿವೆ. ದಾರ, ಬೆಲ್ಟು, ಬಾಬಿನ್‌ಗಳಿಗೆ ಅಕ್ಕನ ಪೂರ್ತಿ ಜಾಮೀನು ಇದೆ. ಸೂಜಿಗೆ ನೋಫಾಲೋ. ದೂರದ ಮುದುಕರಿಗೂ ಮರ್ಯಾದೆ ವಾಪಸು ಸಿಕ್ಕಿತು. ಹೋಗಿದ್ದೇ ಅವರಿಗೆ ಗೊತ್ತಿರಲಿಲ್ಲ.

ಫೋನ್‌ಗಳು ನಿಧಾನವಾಗಿ ಮತ್ತೆ ಶುರುವಾದವು. ತಮ್ಮನ ದಾರದ ಪುಟ ಹುಡುಕಾಟದಲ್ಲಿ ಕಾಣಿಸಿಕೊಂಡು, ಮೇಲೇರಿತು. ಮೊಬೈಲ್ ಕವರಿನವನು ಬೇರೆ ಬೀದಿಯಲ್ಲಿ ಅಳತೆ ತೆಗೆದುಕೊಂಡ.

ಸೂಜಿ ಸರಬರಾಜು ಮಾಡುವವನು ಹೊಸ ಪೆಟ್ಟಿಗೆ ಕಳಿಸಿದಾಗಲೆಲ್ಲ, ಅಕ್ಕ ಕೇಳದಿದ್ದರೂ ತಮ್ಮ ಒಂದು ಪ್ಯಾಕೆಟ್ಟನ್ನು ಕಿಂಡಿಯಲ್ಲಿ ದಾಟಿಸುತ್ತಾನೆ. ಕಳೆದ ಸಲದ ಪ್ಯಾಕೆಟ್ಟಿನಲ್ಲಿ ಸೊಟ್ಟಗಿದ್ದದ್ದು ಒಂದೇ.

"ಒಂದೇ ಒಂದು ಅಕ್ಕ! ಉಳಿದಿದ್ದೆಲ್ಲಾ ನೆಟ್ಟಗಿದೆ."

"ಆ ಒಂದು ಯಾರ ಮಷಿನ್‌ಗೆ ಹೋಗತ್ತೆ ಅಂತ ಹೇಳು. ಅವರೊಬ್ಬರಿಗೆ ಫೋನ್ ಮಾಡಿ ಹೇಳಿಬಿಡ್ತೀನಿ."

ತಮ್ಮ ಪ್ಯಾಕೆಟ್ ವಾಪಸು ತೆಗೆದುಕೊಂಡ. ಸರಬರಾಜುದಾರನಿಗೆ ಫೋನ್ ಮಾಡಿ, ಅಪ್ಪನ ಕಾಲದಿಂದ ಆ ಅಂಗಡಿಯಲ್ಲಿ ಯಾರೂ ಸರಬರಾಜುದಾರನಿಗೆ ಆಡದ ಮಾತುಗಳನ್ನು ಆಡಿದ. ಮಷಿನಕ್ಕ ಕಿಂಡಿಯ ಆಚೆ ಮಷಿನ್ ನಿಲ್ಲಿಸಿ ಕೇಳಿಸಿಕೊಂಡಳು. ಒಂದೆರಡು ಬೈಗುಳ ಅವಳಿಗೂ ಹೊಸದಾಗಿದ್ದವು.

ಅಷ್ಟರಲ್ಲಿ ಒಬ್ಬ ಟೈಲರ್ ಬಂದು ಕೌಂಟರ್ ತಟ್ಟಿದರು.

"ಸೂಜಿ ಕೊಡಪ್ಪ, ಮಾಮೂಲಿಂದು."

"ಸೂಜಿ ಇಲ್ಲ ಅಣ್ಣ. ಮುಂದಿನ ವಾರ ಬನ್ನಿ."

"ಇಲ್ಲ ಅಂದ್ರೆ? ನಿನ್ನ ಹಿಂದೆ ಪೆಟ್ಟಿಗೆ ತುಂಬ ಇದೆಯಲ್ಲೋ!"

ತಮ್ಮ ಹಿಂತಿರುಗಿ ಪೆಟ್ಟಿಗೆಯನ್ನು ಮೊದಲ ಸಲ ನೋಡುವವನಂತೆ ನೋಡಿದ. "ಅವು ವಾಪಸ್ ಹೋಗೋವು," ಎಂದು ಹೇಳಿ, "ಕೂತ್ಕೊಳ್ಳಿ, ಅಕ್ಕನ ಹತ್ರ ಒಂದೆರಡು ಒಳ್ಳೇದು ಇರಬಹುದು, ಕೇಳ್ತೀನಿ," ಎಂದು ಕಿಂಡಿಯಲ್ಲಿ ತಲೆ ತೂರಿಸಿದ.